ಮಂಡಿ ಅಳೆಯಲು ಮಂಡಿಯ ಚುಕ್ಕಿಯನ್ನೇ ಬಿಟ್ಟೆ

‘ಏನಪ್ಪಾ, ನಾಯಿಗೆ ಪ್ಯಾಂಟ್ ಹೊಲಿಸ್ತೀಯಾ? ಅಳತೆ ತಗೋತಿದ್ದೀಯಲ್ಲ!’ ನಾನು ನಾಯಿಗಳಿಗೆ ಆಪರೇಷನ್ ಮಾಡುವ ಪಶುವೈದ್ಯ. ಮಂಡಿಯೊಳಗಿನ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಹರಿದ ನಾಯಿಗಳು ನಡೆಯುವಾಗ ಮಂಡಿಯ ಕೋನ ಎಷ್ಟು ಅಂತ ಅಳೆಯುತ್ತೇನೆ. ಅದನ್ನು ನೋಡಿ ದಾವಣಗೆರೆಯಲ್ಲೇ ಇರುವ ಹಿರಿಯ ಡಾಕ್ಟರೊಬ್ಬರು ಹೀಗೆ ಕೇಳಿ ನಕ್ಕಿದ್ದರು. ಡ್ರಾಯರ್ ಟೆಸ್ಟ್ (ತೊಡೆಮೂಳೆ ಹಿಡಿದು ಮಂಡಿ ಕೆಳಗಿನ ಮೂಳೆ ಮುಂದಕ್ಕೆ ಜಾರುತ್ತದಾ ಅಂತ ನೋಡುವುದು) ಮಾಡಿದರೆ ಲಿಗಮೆಂಟ್ ಹರಿದದ್ದು ಕೈಗೇ ಗೊತ್ತಾಗುತ್ತದೆ, ಇದೆಲ್ಲ ಯಾಕೆ ಅನ್ನುವುದು ಅವರ ವಾದ. ರೋಗ ಹಿಡಿಯಲು ಅದು ಸಾಕು, ಒಪ್ಪುತ್ತೇನೆ. ಆಪರೇಷನ್ ಆದ ಮೂರು ತಿಂಗಳಿಗೆ ನಾಯಿ ನಡೆಯುವಾಗ ಎಷ್ಟು ಕಾಲು ಚಾಚುತ್ತಿದೆ ಅನ್ನುವುದಕ್ಕೆ ಸಾಲದು. ಮಲಗಿಸಿ, ಕೋನ ಅಳೆಯುವ ಗೋನಿಯೋಮೀಟರ್ ಇಟ್ಟರೆ ಲ್ಯಾಬ್ರಡಾರ್ ಮಂಡಿ 40 ಡಿಗ್ರಿಯ ಹತ್ತಿರ ಮಡಚಿ 160ರವರೆಗೆ ಚಾಚುತ್ತದೆ. ಆದರೆ ಅದು ನಾವು ಎಳೆದದ್ದು, ನಾಯಿ ತಾನಾಗಿ ಮಾಡಿದ್ದಲ್ಲ ಅಲ್ವಾ.

ನಡೆಯುವಾಗಲೇ ಕೋನ ಹಿಡಿಯಲು ಮೊದಲು ಸೆನ್ಸರ್ ಹುಚ್ಚು ಹಿಡಿದಿತ್ತು. ತೊಡೆಗೊಂದು ಚಿಪ್, ಕೆಳಗೆ ಟಿಬಿಯಾ (ಮಂಡಿ ಕೆಳಗಿನ ಮೂಳೆ) ಮೇಲೊಂದು. ನಾಯಿ ತೊಡೆ ಮೇಲೆ ದಪ್ಪ, ಕೆಳಗೆ ಸಣ್ಣ. ನಾಲ್ಕು ಹೆಜ್ಜೆಗೆ ಪಟ್ಟಿ ಜಾರಿ ಕೆಳಗೆ ಬರುತ್ತಿತ್ತು. ಬಿಗಿದರೆ ನಾಯಿ ಕಾಲೇ ಎತ್ತುತ್ತಿರಲಿಲ್ಲ. ನಿಂತಲ್ಲೇ ನಿಂತಿದ್ದರೂ ಕೋನ ಮಾತ್ರ ತಾನಾಗೇ ಬದಲಾಗುತ್ತಿತ್ತು. ಕೊನೆಗೆ ಒಂದು ರಾಟ್‌ವೀಲರ್ ವೈರ್ ಸಮೇತ ಅಗಿದು ಹಾಕಿತು. ಚಿಪ್‌ಗೆ 300 ರೂಪಾಯಿ ಅಷ್ಟೇ. ಸೋಲ್ಡರ್ ಮಾಡಿಕೊಟ್ಟ ಹುಡುಗ, ಬ್ಯಾಟರಿ, ಪಟ್ಟಿ ಎಲ್ಲ ಸೇರಿ ಎಂಟೊಂಬತ್ತು ಸಾವಿರ ನೀರಿಗೆ ಹೋಯಿತು. ಮನೆಯಲ್ಲಿ ಈ ಲೆಕ್ಕ ಇನ್ನೂ ಹೇಳಿಲ್ಲ.

ಆಮೇಲೆ ಫೋನಿಗೆ ಬಂದೆ. ಸೆಕೆಂಡಿಗೆ 240 ಫ್ರೇಮ್ ಸ್ಲೋ ಮೋಷನ್, ನಾಯಿಯ ಮಂಡಿ ಎತ್ತರದಲ್ಲಿ ಸ್ಟ್ಯಾಂಡು, ಮೂರು ಮೀಟರ್ ದೂರ. ಟೈಲ್ಸ್ ಮೇಲೆ ನಡೆಸಿದರೆ ನಾಯಿ ಜಾರುವ ಭಯಕ್ಕೇ ಕಾಲು ಮಡಚುತ್ತದೆ, ಅದಕ್ಕೆ ಹಸುವಿನ ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟ್ ಮೂರು ತಂದೆ. ಐದಾರು ಸಾವಿರ. ವಿಡಿಯೋದಲ್ಲಿ ಕೋನ ಅಳೆಯುವ ಕಿನೋವಿಯಾ ಸಾಫ್ಟ್‌ವೇರ್ ಪುಕ್ಕಟೆ. ವಿಡಿಯೋದಲ್ಲಿ ಗುರುತು ಸಿಗಲು ಕೀಲುಗಳ ಮೇಲೆ ಚುಕ್ಕಿ ಇಡಬೇಕು. ಅದಕ್ಕೆ ಹೆಂಡತಿಯ ಬಿಂದಿ ಹಚ್ಚಿ ನೋಡಿದೆ, ಒಂದೇ ಕೊಡವಿಗೆ ಉದುರಿದವು. ಈಗ ಏನು ಹಚ್ಚುತ್ತೇನೆ, ಎಣ್ಣೆ ಕೂದಲಿನ ಮೇಲೆ ಹೇಗೆ ನಿಲ್ಲಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಬಂದು ನೋಡಿ, ತೋರಿಸುತ್ತೇನೆ.

ಚುಕ್ಕಿ ನಿಂತರೂ ಅಳತೆ ನಿಲ್ಲಲಿಲ್ಲ. ಅದೇ ನಾಯಿ, ಅದೇ ದಿನ, ಒಂದು ಸಲಕ್ಕೂ ಇನ್ನೊಂದು ಸಲಕ್ಕೂ 15 ಡಿಗ್ರಿ ವ್ಯತ್ಯಾಸ! ತಿಂಗಳುಗಟ್ಟಲೆ ಕ್ಯಾಮೆರಾವನ್ನು ಬೈದೆ. ತಪ್ಪು ಚರ್ಮದ್ದು. ಕಾಲು ಮಡಚಿದಾಗ ಮಂಡಿಯ ಚರ್ಮ ಮೂಳೆಯ ಮೇಲೆ ಜಾರುತ್ತದೆ, ಚುಕ್ಕಿಯೂ ಅದರ ಜೊತೆಗೇ. ಹಾಗಾಗಿ ಮಂಡಿಯ ಚುಕ್ಕಿಯನ್ನೇ ಬಿಟ್ಟೆ. ಟ್ರೋಕ್ಯಾಂಟರ್ (ಸೊಂಟದ ಹತ್ತಿರ ತೊಡೆಮೂಳೆಯ ಉಬ್ಬು) ಮೇಲೊಂದು, ಹೊರ ಮ್ಯಾಲಿಯೋಲಸ್ (ಹಿಮ್ಮಡಿ ಕೀಲಿನ ಹೊರಗಿನ ಉಬ್ಬು) ಮೇಲೊಂದು, ಅಷ್ಟೇ. ತೊಡೆಮೂಳೆ, ಟಿಬಿಯಾ ಉದ್ದ ಎಕ್ಸ್‌ರೇಯಲ್ಲಿ ಸಿಗುತ್ತದೆ. ಮೂಳೆಯ ಮಟ್ಟದಲ್ಲಿ 2019ಕ್ಕೆ ಮುಂಚಿನ ಹಳೇ ಐದು ರೂಪಾಯಿ ನಾಣ್ಯ ಇಡಿ, ಅದು 23 ಮಿಲಿಮೀಟರ್, ಚಿತ್ರ ಹಿಗ್ಗಿದ್ದೆಷ್ಟು ಅಂತ ಗೊತ್ತಾಗುತ್ತದೆ. ವಿಡಿಯೋದಲ್ಲೂ ನಾಯಿ ನಡೆಯುವ ಗೆರೆಯಲ್ಲೇ ಒಂದು ಮೀಟರ್ ಕೋಲು ನಿಲ್ಲಿಸಬೇಕು. ಎರಡು ಮೂಳೆ, ಎರಡು ಚುಕ್ಕಿಯ ನಡುವಿನ ದೂರ, ಮೂರೂ ಬದಿ ಸಿಕ್ಕಿದರೆ ಮಂಡಿಯ ಕೋನ ತ್ರಿಕೋನದ ಲೆಕ್ಕ. ವ್ಯತ್ಯಾಸ ಮೂರ್ನಾಲ್ಕು ಡಿಗ್ರಿಗೆ ಇಳಿಯಿತು. ಲಿಗಮೆಂಟ್ ಹರಿದಾಗ ಟಿಬಿಯಾ ಮುಂದಕ್ಕೆ ಜಾರುವುದು ಇದರಲ್ಲಿ ಕಾಣದು, ಅದಕ್ಕೆ ಫ್ಲೋರೋಸ್ಕೋಪಿಯೇ (ಚಲನೆಯ ಎಕ್ಸ್‌ರೇ ವಿಡಿಯೋ) ಬೇಕು.

ಒಬ್ಬ ಅಕ್ಕಿ ಮಂಡಿ ವ್ಯಾಪಾರಿಯ ಲ್ಯಾಬ್ರಡಾರ್ (ಮಂಡಿಯವರ ನಾಯಿಗೇ ಮಂಡಿ ನೋವು!), 38 ಕೆಜಿ. ಎಡಗಾಲಿಗೆ ಆಪರೇಷನ್ ಮಾಡಿ, ಹರಿದ ಲಿಗಮೆಂಟಿನ ಕೆಲಸಕ್ಕೆ ನೈಲಾನ್ ದಾರ ಹಾಕಿದ್ದೆ. ‘ಚೆನ್ನಾಗಿ ಓಡಾಡ್ತಿದೆ ಸಾರ್’ ಅಂದರು. ನನ್ನ ಕಣ್ಣಿಗೂ ಹಾಗೇ ಕಂಡಿತ್ತು. ಲೆಕ್ಕ ಹಾಕಿದರೆ ಎಡ-ಬಲಕ್ಕೆ ವ್ಯತ್ಯಾಸ ನಾಲ್ಕೇ ಡಿಗ್ರಿ. ಖುಷಿಯಾಯಿತು. ಹಳೇ ಫೈಲ್ ತೆಗೆದಾಗ ಹೊಟ್ಟೆ ಧಸಕ್ಕೆಂದಿತು. ಎಡಗಾಲು ಚಾಚುವುದು ಏರಿದ್ದು ಸ್ವಲ್ಪ, ಬಲಗಾಲು ಚಾಚುವುದೇ ಎಂಟು ಡಿಗ್ರಿ ಇಳಿದಿತ್ತು! ಮಂಪರು ಕೊಟ್ಟು ನೋಡಿದರೆ ಬಲಕ್ಕೂ ಸಣ್ಣ ಡ್ರಾಯರ್, ಅಂದರೆ ಅಲ್ಲೂ ಮೂಳೆ ಜಾರುತ್ತಿತ್ತು. ಈ ಕಾಯಿಲೆಯಲ್ಲಿ ಇನ್ನೊಂದು ಕಾಲೂ ಕೈಕೊಡುವುದು ಮಾಮೂಲು, ಓದಿದ್ದೇವೆ, ಆದರೂ ‘ಒಳ್ಳೇ ಕಾಲಿಗೆ’ ಹೋಲಿಸುವ ಚಟ ಬಿಡುವುದಿಲ್ಲ. ಈಗ ನಾನು ಎರಡೂ ಕಾಲನ್ನು ಅದರದೇ ಹಿಂದಿನ ತಿಂಗಳಿಗೆ ಹೋಲಿಸುತ್ತೇನೆ.

ಈ ಕೇಸ್ ಕೇಳಿದ ಮೇಲೆ ಆ ಹಿರಿಯರು ಎರಡು ನಾಯಿ ಕಳಿಸಿದ್ದಾರೆ. ಪ್ಯಾಂಟಿನ ಮಾತು ಎತ್ತಿಲ್ಲ.

ನಡುವೆ ಸುಮ್ನೆ ಒಂದು ಮೇಕೆಯನ್ನೂ ನಡೆಸಿದೆ. ಮ್ಯಾಟ್ ತಿನ್ನಲು ಶುರು ಮಾಡಿತು, ಬಿಟ್ಟೆ. ಮುಧೋಳ ನಾಯಿ ಸುಲಭ, ಕೂದಲು ಗಿಡ್ಡ, ಮೂಳೆ ಕೈಗೆ ಸಿಗುತ್ತದೆ. ಪೊಮೆರೇನಿಯನ್ ಮಾತ್ರ ಇನ್ನೂ ಸೋಲಿಸುತ್ತಿದೆ. ಕೂದಲು ಬೋಳಿಸದೆ ಚುಕ್ಕಿ ಕಾಣುವುದಿಲ್ಲ, ಬೋಳಿಸಲು ಓನರ್ ಒಪ್ಪುವುದಿಲ್ಲ.