ಕಾರಿನ ಚಾರ್ಜರ್ ಕೆಂಪು ದೀಪ ತೋರಿಸಿದರೆ ಮೊದಲು ಗೋಡೆಯ ಕಡೆ ನೋಡಿ

ಮಾರ್ಚ್ ಕಳೆದು ಮುರಕಲ್ಲಿನ (ಜಂಬಿಟ್ಟಿಗೆ) ನೆಲ ಒಣಗಿತೆಂದರೆ ಕಾಸರಗೋಡಿನ ಕಡೆ ಮನೆಯಲ್ಲಿ ಚೆನ್ನಾಗಿದ್ದ ಎಲೆಕ್ಟ್ರಿಕ್ ಕಾರಿನ ಚಾರ್ಜರ್ ಕೆಂಪು ದೀಪ ತೋರಿಸಿ ನಿಂತುಬಿಡುವುದುಂಟು. ಕೂಡಲೇ ಅದನ್ನು ಬಿಚ್ಚಿ ಸರ್ವಿಸ್‌ಗೆ ಒಯ್ಯಬೇಡಿ. ಅರ್ತ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ದಾರಿ) ಸರಿಯಿಲ್ಲದಿದ್ದರೆ ಕರೆಂಟು ಬಿಡಬಾರದೆಂದೇ ಚಾರ್ಜರನ್ನು ಮಾಡಿರುತ್ತಾರೆ.

ಮುರಕಲ್ಲಿನಲ್ಲಿ ನೀರು ನಿಲ್ಲುವುದಿಲ್ಲ, ಬೇಗ ಇಳಿದುಹೋಗುತ್ತದೆ. ಬೇಸಗೆಯಲ್ಲಿ ಅರ್ತ್ ಪೈಪಿನ ಸುತ್ತಲಿನ ಮಣ್ಣು ಒಣಗಿ ರೆಸಿಸ್ಟೆನ್ಸ್ (ಕರೆಂಟಿಗೆ ತಡೆ) ಏರುತ್ತದೆ. ಅರ್ತ್ ಗುಂಡಿಗೆ ಎರಡು ಕೊಡ ನೀರು ಹೊಯ್ದು ಅರ್ಧ ಗಂಟೆ ಬಿಟ್ಟು ಚಾರ್ಜರ್ ಹಾಕಿ ನೋಡಿ. ಹಸಿರು ದೀಪ ಬಂದರೆ ದೋಷ ಅಲ್ಲೇ ಇದೆ. ಆದರೆ ದಿನಾ ನೀರು ಹೊಯ್ಯುವುದು ಪರಿಹಾರವಲ್ಲ. ಎರಡೂವರೆ ಮೀಟರ್ ಆಳಕ್ಕೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಇಳಿಸಿ ಸುತ್ತ ಬೆಂಟೊನೈಟ್ (ತೇವ ಹಿಡಿದಿಡುವ ಜೇಡಿಮಣ್ಣಿನ ಪುಡಿ) ತುಂಬಿಸಿ. ಉಪ್ಪು ಹಾಕಿದರೆ ಪೈಪ್ ತುಕ್ಕು ಹಿಡಿಯುತ್ತದೆ. ಆಮೇಲೆ ವಯರ್‌ಮ್ಯಾನ್ ಕೈಯಲ್ಲಿ ಅರ್ತ್ ಟೆಸ್ಟರ್‌ನಿಂದ ಅಳೆಯಿಸಿ, 5 ಓಮ್‌ಗಿಂತ ಕೆಳಗಿರಲಿ. ಬರೀ ಮಲ್ಟಿಮೀಟರ್ ನಂಬಬೇಡಿ, ಸೋತ ಅರ್ತ್‌ನಲ್ಲೂ ಅದು 230 ವೋಲ್ಟ್ ತೋರಿಸಬಹುದು.

ಸಾಕೆಟಿನೊಳಗೆ ನ್ಯೂಟ್ರಲಿಗೂ (ಕರೆಂಟು ಮರಳುವ ವಯರ್) ಅರ್ತ್‌ಗೂ ತುಂಡು ವಯರ್ ಕೊಟ್ಟು ಚಾರ್ಜರನ್ನು ಏಮಾರಿಸುವ ಕೆಲಸ ಖಂಡಿತ ಬೇಡ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಕಾರಿನ ಬಾಡಿಗೇ 230 ವೋಲ್ಟ್ ಬರುತ್ತದೆ. ಅಂಗಳದಲ್ಲಿ ಮಕ್ಕಳು ಬರಿಗಾಲಲ್ಲಿ ಓಡಾಡುತ್ತಿರುತ್ತಾರೆ.

ಚಾರ್ಜಿಂಗ್ ಶುರುವಾಗಿ ಅರ್ಧ ಗಂಟೆಯಲ್ಲೋ ಒಂದು ಗಂಟೆಯಲ್ಲೋ ನಿಲ್ಲುತ್ತದೆಯೇ? ಹಾಗಾದರೆ ಸಾಕೆಟ್ ನೋಡಿ. ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಆಫ್ ಮಾಡಿ, ಪ್ಲಗ್ ಕಿತ್ತು ಅದರ ಪಿನ್ ಮುಟ್ಟಿ. ಬೆರಳು ಇಡಲಾಗದಷ್ಟು ಬಿಸಿಯಿದ್ದರೆ, ಸಾಕೆಟಿನ ತೂತಿನ ಸುತ್ತ ಕಂದು ಕಲೆಯಿದ್ದರೆ ಒಳಗಿನ ಹಿಡಿತ ಸಡಿಲಾಗಿದೆ. ಇಸ್ತ್ರಿಪೆಟ್ಟಿಗೆಗೆ ಹಾಕಿದ 16 ಆಂಪ್ ಸಾಕೆಟ್ ರಾತ್ರಿಯಿಡೀ 15 ಆಂಪ್ ತಾಳುವುದು ಕಷ್ಟ. ನೀಲಿ ಬಣ್ಣದ ಇಂಡಸ್ಟ್ರಿಯಲ್ ಸಾಕೆಟ್ ಹಾಕಿಸಿ, ಮೇನ್ ಬೋರ್ಡಿನಿಂದ ಬೇರೆಯೇ 4 ಚದರ ಮಿಲಿಮೀಟರ್ ತಾಮ್ರದ ವಯರ್ ಎಳೆಸಿ, ಅದಕ್ಕೆ 20 ಆಂಪ್ ಎಂಸಿಬಿ ಕೊಡಿಸಿ. ಎಕ್ಸ್‌ಟೆನ್ಷನ್ ಬೋರ್ಡು ಬೇಡವೇ ಬೇಡ. ಅದಾಗುವ ತನಕ ಕಾರಿನಲ್ಲೋ ಆ್ಯಪಿನಲ್ಲೋ ಕರೆಂಟನ್ನು 10 ಆಂಪ್‌ಗೆ ಇಳಿಸಿ.

ಹೊರಗೆ ಕಾಣದ ಸಡಿಲು ಜಾಯಿಂಟನ್ನು ವೋಲ್ಟೇಜ್ ಹೇಳಿಕೊಡುತ್ತದೆ. ಚಾರ್ಜ್ ಮಾಡದಿರುವಾಗ 230 ಇದ್ದದ್ದು ಚಾರ್ಜ್ ಮಾಡುವಾಗ 215ಕ್ಕೆ ಇಳಿದರೆ, 15 ವೋಲ್ಟ್ ಗುಣಿಸು 15 ಆಂಪ್, ಸುಮಾರು 225 ವಾಟ್ ಶಾಖ ದಾರಿಯಲ್ಲೆಲ್ಲೋ ಸುಡುತ್ತಿದೆ. ಅದೇ ಹೊತ್ತಿಗೆ ಮೇನ್ ಸ್ವಿಚ್ಚಿನಲ್ಲೂ ಅಳೆಯಿಸಿ. ಅಲ್ಲೂ ಅಷ್ಟೇ ಇಳಿದಿದ್ದರೆ ದೋಷ ಕಂಬದಿಂದ ಮನೆಗೆ ಬರುವ ಲೈನಿನ ಕಡೆ. ಕೆಎಸ್‌ಇಬಿ (ಕೇರಳ ವಿದ್ಯುತ್ ಮಂಡಳಿ) ಸೆಕ್ಷನ್ ಆಫೀಸಿಗೆ ತಿಳಿಸಿ. ಮೇನಿನಲ್ಲಿ ಸರಿಯಿದ್ದು ಸಾಕೆಟಿನಲ್ಲಿ ಮಾತ್ರ ಇಳಿದರೆ ಮನೆಯ ವಯರಿಂಗೇ ಕಾರಣ.

ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್) ಬೀಳುತ್ತಿದ್ದರೆ ಗನ್ನನ್ನು (ಕಾರಿಗೆ ಸಿಕ್ಕಿಸುವ ತುದಿ) ಕಾರಿನಿಂದ ತೆಗೆದು ಆನ್ ಮಾಡಿ. ಆಗಲೂ ಬಿದ್ದರೆ ದೋಷ ವಯರಿಂಗಿನಲ್ಲೋ ಚಾರ್ಜರಿನಲ್ಲೋ ಇದೆ. ಕಾರಿಗೆ ಹಾಕಿದಾಗ ಮಾತ್ರ ಬಿದ್ದರೆ ಗನ್ ಅಥವಾ ಕಾರು. ಈ ಲೈನಿಗೆ 30 ಮಿಲಿಆಂಪಿನ ‘ಎ’ ಟೈಪ್ ಆರ್‌ಸಿಸಿಬಿ ಬೇಕು. ‘ಎಸಿ’ ಟೈಪ್ ಸಾಲದು.

ಮಳೆಗಾಲದಲ್ಲಿ ಗನ್ನಿನ ಬಾಯಿಗೆ ಟಾರ್ಚ್ ಬಿಟ್ಟು ನೋಡಿ. ಏಳು ತೂತುಗಳಿರುತ್ತವೆ, ಎರಡು ಸಣ್ಣವು. ಕಾರೂ ಚಾರ್ಜರೂ ಮಾತಾಡಿಕೊಳ್ಳುವುದು ಆ ಸಣ್ಣವುಗಳ ಮೂಲಕ. ಅವುಗಳಲ್ಲಿ ಕಣಜ ಮಣ್ಣು ಮೆತ್ತಿದ್ದರೆ, ಕಡಲ ಗಾಳಿಗೆ ಹಸಿರು ಕಿಲುಬು ಹಿಡಿದಿದ್ದರೆ ಚಾರ್ಜಿಂಗ್ ಶುರುವೇ ಆಗದು. ಚಾರ್ಜರಿನ ಪ್ಲಗ್ಗನ್ನು ಗೋಡೆಯ ಸಾಕೆಟಿನಿಂದ ಕಿತ್ತು ಒಣ ಬ್ರಷ್‌ನಿಂದ ಬಿಡಿಸಿ, ಒದ್ದೆಯಿದ್ದರೆ ಒಂದು ದಿನ ನೆರಳಲ್ಲಿ ಬಾಯಿ ಕೆಳಗಾಗಿ ತೂಗುಹಾಕಿ. ತುಲಾ ಮಾಸದ ಸಂಜೆ ಗುಡುಗು ದೂರದಲ್ಲಿ ಕೇಳಿದಾಗಲೇ ಚಾರ್ಜಿಂಗ್ ನಿಲ್ಲಿಸಿ ಪ್ಲಗ್ ಕಿತ್ತಿಡಿ.

ಇಷ್ಟೆಲ್ಲ ಸರಿಯಿದ್ದೂ ಕೆಂಪು ದೀಪ ಆರದಿದ್ದರೆ, ಅದು ಎಷ್ಟು ಸಲ ಮಿಟುಕುತ್ತದೆಂದು ಮೊಬೈಲಿನಲ್ಲಿ ವಿಡಿಯೋ ತೆಗೆದುಕೊಂಡು ಸರ್ವಿಸ್‌ಗೆ ಒಯ್ಯಿರಿ.