ಹಳೇ ವಿಲ್ ಬಿಡಿಸಿದ ವಂಶವೃಕ್ಷದ ಗಂಟು

ಮುತ್ತಜ್ಜನ ಇಂಗ್ಲಿಷ್ ವಿಲ್‌ನಲ್ಲಿ ಆಸ್ತಿ ಮೂರು ಪಾಲಾಗಿತ್ತು. ಇಬ್ಬರು ಗಂಡುಮಕ್ಕಳಿಗೆ ಒಂದೊಂದು. ಮೂರನೆಯದು ಇಬ್ಬರು ಮೊಮ್ಮಕ್ಕಳಿಗೆ ಸೇರಿಸಿ. ಈ ಮೊಮ್ಮಕ್ಕಳು ಯಾರ ಮಕ್ಕಳು ಅನ್ನೋದೇ ಗೊತ್ತಾಗುತ್ತಿರಲಿಲ್ಲ.

ಗಂಟು ಬಿಚ್ಚಿದ್ದು ಪಕ್ಕದಲ್ಲಿದ್ದ 'ಪರ್ ಸ್ಟರ್ಪೀಸ್' ಎಂಬ ಲ್ಯಾಟಿನ್ ಮಾತು. ಅಂದರೆ ಕವಲಿನ ಲೆಕ್ಕದಲ್ಲಿ ಹಂಚಿಕೆ: ತೀರಿಕೊಂಡ ಮಗ ಅಥವಾ ಮಗಳ ಪಾಲು ಅವರ ಮಕ್ಕಳಿಗೆ. ಹಾಗಾದರೆ ವಿಲ್ ಬರೆಯುವ ಮೊದಲೇ ಹೋದ ಇನ್ನೊಂದು ಮಗು ಇತ್ತು, ಅಲ್ವಾ? ಹಳೇ ಮರಣ ದಾಖಲೆ ಹುಡುಕಿದೆ. ಮಗಳು! ಅವಳ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ತುಂಬಾ ಸಂಕಟವಾಯಿತು.

ನೀವೂ ಇಂಥ ಹಳೇ ವಿಲ್ ಓದುವುದಾದರೆ, ಅದರಲ್ಲಿ 'ಇಶ್ಯೂ' ಅಂದರೆ ಬರೀ ಮಕ್ಕಳಲ್ಲ, ಮೊಮ್ಮಕ್ಕಳು, ಮರಿಮಕ್ಕಳೂ ಸೇರಿ. 'ಕೋಡಿಸಿಲ್' ಆಮೇಲೆ ಮಾಡಿದ ತಿದ್ದುಪಡಿ, ಅದನ್ನು ಬಿಡದೆ ಓದಿ. ವಿಲ್ ಬರೆದವರ ಸಾವಿನ ತಾರೀಖು ಸಿಗದಿದ್ದರೆ ವಿಲ್‌ಗೆ ಸಹಿ ಹಾಕಿದ ದಿನಕ್ಕೂ ಕೋರ್ಟಿನ ಪ್ರೊಬೇಟ್ (ವಿಲ್ ಅಸಲಿ ಎಂದು ಕೋರ್ಟ್ ಒಪ್ಪಿದ) ದಿನಕ್ಕೂ ನಡುವೆ ಹುಡುಕಿ.