ತಪ್ಪು ಟ್ಯೂಬಿನದ್ದಲ್ಲ, ಕಡ್ಡಿಯದ್ದು: ಕರಗಿದ ತಾಮ್ರದಲ್ಲಿ ಆಕ್ಸಿಜನ್ ಅಳೆದ ನನ್ನ ಅನುಭವ

ಕರಗಿದ ತಾಮ್ರದಲ್ಲಿ ಮುಳುಗಿಸಿ ಆಕ್ಸಿಜನ್ ಅಳೆಯುವ ಪ್ರೋಬನ್ನು ಕೈಯಾರೆ ಕಟ್ಟಿದರೆ, ಎರಡು ಸಲ ಮುಳುಗಿಸಿದರೆ ಮುಗೀತು ಅಂತ ಎಲ್ಲರೂ ನಕ್ಕಿದ್ದರು. ಪ್ರೋಬ್ ಅಂದರೆ ಒಂದು ಸೆರಾಮಿಕ್ ಟ್ಯೂಬ್: ಅದರ ಒಳಗೂ ಹೊರಗೂ ಆಕ್ಸಿಜನ್ ಬೇರೆಬೇರೆ ಇದ್ದರೆ ನಡುವೆ ಮಿಲಿವೋಲ್ಟ್ ಹುಟ್ಟುತ್ತದೆ, ಮೀಟರ್ ಓದುವುದು ಅದನ್ನೇ. ಈಗಿನ ಟ್ಯೂಬ್ ಹನ್ನೊಂದು ಸಲ ಮುಳುಗಿ ಎದ್ದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ತಂದದ್ದು ಯಟ್ರಿಯಾ ಬೆರೆಸಿದ ಜಿರ್ಕೋನಿಯಾ ಸೆರಾಮಿಕ್‌ನ ನಾಲ್ಕು ಟ್ಯೂಬ್. ನಾಲ್ಕೂ ಲೋಹಕ್ಕೆ ತಾಗಿದ ಕೂಡಲೇ ಟಿಕ್ ಅಂತ ಸೀಳಿದವು. ಅರ್ಧ ತಿಂಗಳ ಸಂಬಳ ಅಲ್ಲೇ ಕರಗಿತು. ಆಮೇಲೆ ಮೆಗ್ನೀಷಿಯಾ ಬೆರೆಸಿದ ಜಿರ್ಕೋನಿಯಾಕ್ಕೆ ಬಂದೆ. ಅದು ಬಿಸಿಯ ಪೆಟ್ಟು ತಡೆಯುತ್ತದೆ. ಆದರೂ ಹತ್ತು ನಿಮಿಷ ಲೋಹದ ಮೇಲೆ ಹಿಡಿದು ಕಾಯಿಸದೆ ಇಳಿಸುವುದಿಲ್ಲ.

ಟ್ಯೂಬಿನ ಒಳಗೆ ಹೋಲಿಕೆಗೆ (ರೆಫರೆನ್ಸ್) ನಿಕಲ್, ನಿಕಲ್ ಆಕ್ಸೈಡ್ ಪುಡಿ, ಅದರಲ್ಲಿ ಒಂದು ತಂತಿ. ಎರಡನೇ ಬಿಸಿಗೇ ರೀಡಿಂಗ್ ಕುಣಿಯತೊಡಗಿತು. ಒಡೆದು ನೋಡಿದರೆ ಪುಡಿ ಗಟ್ಟಿಯಾಗಿ ಕುಗ್ಗಿ, ಬಳಪದ ತುಂಡಿನ ಹಾಗೆ ಜಾರಿ ಬಿತ್ತು. ಈಗ ಜೊತೆಗೆ ಇನ್ನೊಂದು ಪುಡಿ ಬೆರೆಸುತ್ತೇನೆ. ಯಾವುದು ಅಂತ ಕೇಳಬೇಡಿ, ಅದಕ್ಕೆ ಮೂರು ತಿಂಗಳು ಸುರಿದಿದ್ದೇನೆ.

ಇಷ್ಟಾದರೂ ಲ್ಯಾಬ್ 300 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 300) ಆಕ್ಸಿಜನ್ ಅಂದರೆ ನನ್ನ ಮೀಟರಿನ ಲೆಕ್ಕ 100 ಪಿಪಿಎಂ ಕೆಳಗೇ. ಟ್ಯೂಬನ್ನು ಬೈದು ಇನ್ನೂ ಎರಡು ಹಾಳು ಮಾಡಿದೆ. ಕಳ್ಳ ಬೇರೆಯೇ ಇದ್ದ: ಮೀಟರಿನ ಇನ್ನೊಂದು ತುದಿಯಾಗಿ ಲೋಹಕ್ಕೆ ತಾಗಿಸಿದ್ದ ಗ್ರಾಫೈಟ್ ಕಡ್ಡಿ. ಸುತ್ತಲಿನ ಆಕ್ಸಿಜನ್ನನ್ನು ಅದೇ ತಿನ್ನುತ್ತಿತ್ತು! ಉಕ್ಕಿನ ಕಡ್ಡಿ ಹಾಕಿದೆ, ಚೂಪು ಮಾಡಿದ ಪೆನ್ಸಿಲ್‌ನಂತೆ ಸವೆದು ಹೊರಬಂತು. ಕೊನೆಗೆ ಕೈ ಹಿಡಿದದ್ದು ಮಾಲಿಬ್ಡಿನಂ. ಗಾಳಿಯಲ್ಲಿ ಸುಟ್ಟುಹೋಗದಂತೆ ಅಲ್ಯುಮಿನಾ ಕೊಳವೆ ತೊಡಿಸಿ, ತುದಿ ಮಾತ್ರ ಹೊರಗೆ ಬಿಟ್ಟೆ. ಒಂದು ನಿಮಿಷದೊಳಗೆ ಓದಿ ಎತ್ತಬೇಕು, ಅಷ್ಟೇ. ಟ್ಯೂಬಿನೊಳಗಿನ ತಂತಿ, ಹೊರಗಿನ ಕಡ್ಡಿ ಎರಡು ಬೇರೆ ಲೋಹ ಅಲ್ವಾ, ಬಿಸಿಗೆ ಅವೇ ಒಂದಿಷ್ಟು ಮಿಲಿವೋಲ್ಟ್ ಹುಟ್ಟಿಸುತ್ತವೆ. ತುದಿಗಳನ್ನು ಒಟ್ಟಿಗೆ ತಿರುಚಿ, ಕುಲುಮೆಯಲ್ಲಿ ಕಾಯಿಸಿ, ಬಂದದ್ದನ್ನು ಕಳೆಯಿರಿ.

1150 ಡಿಗ್ರಿಯಲ್ಲಿ ಆಕ್ಸಿಜನ್ ಹತ್ತು ಪಟ್ಟಾದರೆ ಸುಮಾರು 140 ಮಿಲಿವೋಲ್ಟ್ ಏರುತ್ತದೆ. ನಿಕಲ್ ರೆಫರೆನ್ಸ್‌ಗೆ 100 ಪಿಪಿಎಂ ಆಸುಪಾಸಿನಲ್ಲಿ ಸೊನ್ನೆ, ಅದರ ಕೆಳಗೆ ಮೈನಸ್. ಮೊದಲ ದಿನ ಮೈನಸ್ ಕಂಡು, ವೈರು ಉಲ್ಟಾ ಆಯ್ತು ಅಂತ ಬದಲಿಸಿಬಿಟ್ಟಿದ್ದೆ. ಇಂಡಕ್ಷನ್ ಕುಲುಮೆಯಾದರೆ ಕರೆಂಟ್ ನಿಲ್ಲಿಸಿಯೇ ಓದಿ, ಇಲ್ಲದಿದ್ದರೆ ಸುಮ್ನೆ ಗದ್ದಲ ಓದುತ್ತೀರಿ.

ಸುಮ್ನೆ ಒಂದು ದಿನ, ಪ್ರೋಬ್ ಲೋಹದ ಒಳಗಿದ್ದಾಗಲೇ, ಆಕ್ಸಿಜನ್ ಹೀರಿಕೊಳ್ಳುವ ಫಾಸ್ಫರ್ ಕಾಪರ್ (ರಂಜಕ ಬೆರೆಸಿದ ತಾಮ್ರ) ತುಂಡು ಎಸೆದು ಕಲಕಿದೆ. 65 ಮಿಲಿವೋಲ್ಟ್ ಸುತ್ತ ಇದ್ದ ಮೀಟರ್ ಕೆಲವೇ ಸೆಕೆಂಡಿನಲ್ಲಿ ಸೊನ್ನೆ ದಾಟಿ ಮೈನಸ್ ನೂರರ ಕೆಳಗಿಳಿಯಿತು. ಎಲ್ಲರಿಗಿಂತ ಜಾಸ್ತಿ ನಕ್ಕಿದ್ದವರು ಪಕ್ಕದಲ್ಲೇ ಇದ್ದರು. ಈಗ ಪ್ರತಿ ಹೀಟ್‌ಗೂ (ಪ್ರತಿ ಸಲ ಕರಗಿಸಿದ ಲೋಹಕ್ಕೂ) ಮೊದಲು, "ಎಷ್ಟು ತೋರಿಸ್ತಿದೆ?" ಅಂತ ಅವರೇ ಕೇಳುತ್ತಾರೆ.